ಬತ್ತೇರಿಯಿಂದ ದಕ್ಕೆಗೆ: ಮಳೆಗಾಲದ ಓಟಕ್ಕೆ ಯಾವ ಶೂ?

ಮಂಗಳೂರಿನ ಹೊಳೆಬದಿಯಲ್ಲಿ ಮಳೆಗಾಲ ಪೂರ್ತಿ ಓಡುವವರಿಗೆ ತೆಳು ಜಾಲರಿಯ ಸಾದಾ ಶೂವೇ ಸರಿ. ಅದರ ಮೂರು ಪಟ್ಟು ದುಡ್ಡು ಕೊಟ್ಟು ತಂದ ‘ನೀರು ಹೋಗದ’ ಶೂ ಒಂದೇ ಮಳೆಗಾಲಕ್ಕೆ ಮೂಲೆ ಸೇರಿತು. ಮೂರನೆಯದು ಅಡಿಯಲ್ಲಿ ದೊಡ್ಡ ಹಲ್ಲುಗಳಿರುವ ಟ್ರೇಲ್ ಶೂ. ಮೂರನ್ನೂ ಹಾಕಿ ಓಡಿದ್ದು ಒಂದೇ ದಾರಿಯಲ್ಲಿ: ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ಹೊರಟು, ಫಲ್ಗುಣಿ ಹೊಳೆಯನ್ನು ಬಲಕ್ಕಿಟ್ಟುಕೊಂಡು, ಬೊಕ್ಕಪಟ್ಣ ದಾಟಿ ಹಳೆ ಬಂದರಿನ ದಕ್ಕೆಯವರೆಗೆ, ಅಂದರೆ ಮೀನಿನ ಬೋಟುಗಳು ನಿಲ್ಲುವ ಕಟ್ಟೆಯವರೆಗೆ. ಕಾಂಕ್ರೀಟು, ಇಂಟರ್‌ಲಾಕ್, ಕಿತ್ತುಹೋದ ಡಾಮರು, ಮೀನಿನ ನೀರು ಎಲ್ಲವೂ ಈ ಒಂದೇ ದಾರಿಯಲ್ಲಿ ಸಿಗುತ್ತವೆ.

ತೂಕ, ಮೆತ್ತೆ, ಬಣ್ಣದ ವಿಷಯ ಅಂಗಡಿಯವರೇ ಹೇಳುತ್ತಾರೆ. ಇಲ್ಲಿನ ಓಟಗಾರನ ನಿಜವಾದ ತಲೆನೋವು ಬೇರೆಯೇ: ಇವತ್ತು ನೆನೆದ ಶೂ ನಾಳೆ ಬೆಳಿಗ್ಗೆಗೆ ಒಣಗುತ್ತದೆಯೇ?

ನೀರು ಹೋಗದ ಶೂವಿನಲ್ಲಿ ಮೇಲಿನ ಬಟ್ಟೆಗೂ ಒಳಪದರಕ್ಕೂ ನಡುವೆ ಒಂದು ಪೊರೆ ಇರುತ್ತದೆ. ಪಕ್ಕದಿಂದ ಸಿಡಿಯುವ ನೀರನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಜೂನ್‌ನಲ್ಲಿ ಇಲ್ಲಿ ಹೊಡೆಯುವ ಮಳೆ ಮೊಣಕಾಲಿನಿಂದ ಇಳಿದು, ಕಾಲುಚೀಲಕ್ಕೆ ಹಿಡಿದು, ಪಾದ ತೂರಿಸುವ ಬಾಯಿಂದಲೇ ಒಳಗೆ ಹೋಗುತ್ತದೆ. ಒಳಗೆ ಹೋದ ನೀರು ಹೊರಗೆ ಬರಲು ಅದೇ ಪೊರೆ ಅಡ್ಡ. ಹತ್ತು ನಿಮಿಷದಲ್ಲಿ ಪ್ರತಿ ಕಾಲಿಗೂ ಒಂದೊಂದು ಪುಟ್ಟ ಬಕೆಟ್ ಕಟ್ಟಿಕೊಂಡಂತೆ. ಜಾಲರಿ ಶೂವೂ ನೆನೆಯುತ್ತದೆ, ಬೇಗನೆ ನೆನೆಯುತ್ತದೆ. ಆದರೆ ಪ್ರತಿ ಹೆಜ್ಜೆ ಊರಿದಾಗಲೂ ಪಾದದ ಒತ್ತಡಕ್ಕೆ ನೀರು ಬೆರಳಿನ ಮೇಲಿನ ತೂತುಗಳಿಂದ ಚಿಮ್ಮಿ ಹೋಗುತ್ತದೆ. ಹೊಂಡಕ್ಕೆ ಕಾಲಿಟ್ಟ ಮೇಲೆ ನೂರಿನ್ನೂರು ಮೀಟರ್ ಓಡುವಷ್ಟರಲ್ಲಿ ಪಚಕ್ ಪಚಕ್ ಸದ್ದು ನಿಂತಿರುತ್ತದೆ.

ಮನೆಗೆ ಬಂದ ಮೇಲಿನ ಕಥೆ ಇನ್ನೂ ಮುಖ್ಯ. ಜುಲೈಯಲ್ಲಿ ತೆಳು ಬೈರಾಸೇ (ಮೈ ಒರೆಸುವ ಬಟ್ಟೆ) ಎರಡು ದಿನ ಒಣಗದ ಊರಿದು, ಗಾಳಿಗೆ ಇನ್ನಷ್ಟು ತೇವ ಹೀರುವ ಶಕ್ತಿಯೇ ಇರುವುದಿಲ್ಲ. ಪೊರೆಯ ಶೂವಿನ ಒಳಪದರ ಆರಬೇಕಾದದ್ದು ಬಾಯಿಯೊಂದರಿಂದಲೇ. ಎರಡು ದಿನ ಫ್ಯಾನ್ ಕೆಳಗಿಟ್ಟರೂ ಬೆರಳಿನ ತುದಿಯಲ್ಲಿ ತಣ್ಣಗಿನ ತೇವ ಉಳಿಯುತ್ತದೆ. ಮೂರನೇ ದಿನ ಇನ್‌ಸೋಲ್ ಎತ್ತಿದರೆ ಬಿಳಿ ಬೂಷ್ಟು. ಅದನ್ನೇ ಮತ್ತೆ ಹಾಕಿ ಓಡಿದರೆ ಕಿರುಬೆರಳ ಸಂದಿಯಲ್ಲಿ ಕೆಸರುಹುಣ್ಣು ಶುರುವಾಗಲು ಹೆಚ್ಚು ದಿನ ಬೇಡ.

ಜಾಲರಿ ಶೂವನ್ನು ಒಂದು ರಾತ್ರಿಯಲ್ಲಿ ಒಣಗಿಸಬಹುದು, ಆದರೆ ಕ್ರಮ ತಪ್ಪಬಾರದು. ಬಂದ ಕೂಡಲೇ ಇನ್‌ಸೋಲ್ ತೆಗೆದು ಬೇರೆ ಇಡಿ. ಲೇಸನ್ನು ಕೊನೆಯ ತೂತಿನವರೆಗೆ ಸಡಿಲಿಸಿ ನಾಲಿಗೆಯನ್ನು ಹೊರಗೆಳೆಯಿರಿ. ಬರೀ ನೀರಲ್ಲಿ ಕೆಸರು ತೊಳೆದು, ಹಳೆ ಬೈರಾಸಿನಲ್ಲಿ ಸುತ್ತಿ ಒತ್ತಿ. ಆಮೇಲೆ ಒಂದೊಂದಕ್ಕೆ ಪತ್ರಿಕೆಯ ಎರಡು ಹಾಳೆ ಮುದ್ದೆ ಮಾಡಿ ತುದಿಯವರೆಗೆ ತುರುಕಿ, ಅರ್ಧ ಗಂಟೆಗೆ ತೆಗೆದು ಹೊಸ ಹಾಳೆ ಹಾಕಿ. ಮೊದಲ ಹಾಳೆಗಳೇ ಹೆಚ್ಚು ನೀರು ಹೀರುವುದು. ಅವನ್ನು ಹಾಗೇ ಬಿಟ್ಟರೆ ಒದ್ದೆ ಕಾಗದ ಶೂವನ್ನು ಒದ್ದೆಯಾಗಿಯೇ ಇಡುತ್ತದೆ. ಮಲಗುವ ಮುಂಚೆ ಕಾಗದ ಪೂರ್ತಿ ತೆಗೆದು, ಗೋಡೆಗೆ ಒರಗಿಸಿ, ಬಾಯಿ ಫ್ಯಾನಿನತ್ತ ಇರುವಂತೆ ನಿಲ್ಲಿಸಿ. ಬಚ್ಚಲಿನ ಹಂಡೆ ಒಲೆಯ ಪಕ್ಕ ಮಾತ್ರ ಇಡಬೇಡಿ. ಬಿಸಿಗೆ ಅಂಟು ಮೆತ್ತಗಾಗಿ ತುದಿಯಲ್ಲಿ ಸೋಲ್ ಬಾಯಿ ಬಿಡುತ್ತದೆ, ನಡುವಿನ ಫೋಮ್ ಕುಗ್ಗುತ್ತದೆ.

ಇನ್ನು ಜಾರುವ ವಿಷಯ. ಟ್ರೇಲ್ ಶೂವಿನ ಹಲ್ಲುಗಳು ಮೆತ್ತಗಿನ ಮಣ್ಣಿಗೆ ಇಳಿದು ಹಿಡಿಯಲು ಇರುವಂಥವು. ಪಾಚಿ ಕಟ್ಟಿದ ಇಂಟರ್‌ಲಾಕ್‌ನಲ್ಲಿ ಇಳಿಯಲು ಜಾಗವೇ ಇಲ್ಲ. ಹಲ್ಲಿನ ತುದಿಗಳಷ್ಟೇ ನೆಲಕ್ಕೆ ತಾಗುವುದರಿಂದ ಹಿಡಿತ ಇನ್ನೂ ಕಡಿಮೆ. ಟಿಪ್ಪು 1784ರಲ್ಲಿ, ಯುದ್ಧನೌಕೆಗಳು ಹೊಳೆಯೊಳಗೆ ನುಗ್ಗದಂತೆ ಕಪ್ಪುಕಲ್ಲಿನಲ್ಲಿ ಕಟ್ಟಿಸಿದ ಬತ್ತೇರಿಯ ಮೆಟ್ಟಿಲು ಇದಕ್ಕೆ ಒಳ್ಳೆಯ ಪರೀಕ್ಷೆ. ಮಳೆ ನಿಂತ ಮೇಲೆ ನಿಧಾನಕ್ಕೆ ನಡೆದು ಹತ್ತಿ ಇಳಿದರೆ ಸಾಕು. ಹಲ್ಲಿನ ಶೂ ಎರಡನೇ ಮೆಟ್ಟಿಲಿನಲ್ಲೇ ಅಲುಗುತ್ತದೆ, ಚಪ್ಪಟೆ ಮೆದು ರಬ್ಬರಿನದು ನಿಲ್ಲುತ್ತದೆ. ಅಂಗಡಿಯಲ್ಲಿ ಸೋಲಿನ ರಬ್ಬರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಮೆದು, ಅದನ್ನೇ ತೆಗೆದುಕೊಳ್ಳಿ. ಕಾಂಕ್ರೀಟಿನ ಮೇಲೆ ಬೇಗ ಸವೆಯುತ್ತದೆ ನಿಜ, ಆದರೆ ಸೊಂಟ ಉಳುಕುವುದಕ್ಕಿಂತ ಅದು ಅಗ್ಗ. ಕಾಂಕ್ರೀಟು ರಸ್ತೆಯಲ್ಲಿ ಟಯರು ಓಡಾಡುವ ಪಟ್ಟಿಯಲ್ಲಿ ಪಾಚಿ ಇರುವುದಿಲ್ಲ, ಅಂಚಿನಲ್ಲಿ ಇರುತ್ತದೆ. ಬೆಳಿಗ್ಗೆ ವಾಹನ ಕಡಿಮೆ ಇರುವಾಗ ಎದುರಿನಿಂದ ಬರುವುದನ್ನು ನೋಡಿಕೊಂಡು ಆ ಪಟ್ಟಿಯಲ್ಲೇ ಓಡಿ.

ಯಾವ ಶೂವಿಗೂ ಬಗ್ಗದ್ದು ದಕ್ಕೆಯ ಹತ್ತಿರ ಲಾರಿಗಳಿಂದ ಸೋರುವ ಮೀನಿನ ನೀರು. ಎಣ್ಣೆ, ಲೋಳೆ, ಪೊಡಸು (ಮೀನಿನ ಹುರುಪೆ) ಸೇರಿ ರಸ್ತೆಗೆ ತೆಳುವಾಗಿ ಮೆತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ 61 ದಿನ ದಕ್ಕೆಯಲ್ಲಿ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ, ಲಾರಿಗಳು ಕಡಿಮೆ, ಮಳೆ ರಸ್ತೆಯನ್ನು ತೊಳೆದಿರುತ್ತದೆ. ದಕ್ಕೆಯವರೆಗೆ ಓಡಲು ಅದೇ ಒಳ್ಳೆಯ ಕಾಲ. ಆಗಸ್ಟ್‌ನಿಂದ ಬಂದರಿನ ಮೊದಲೇ ತಿರುಗಿಬಿಡಿ. ಹೋಗಲೇಬೇಕೆಂದರೆ ಆ ತುಂಡನ್ನು ನಡೆಯಿರಿ, ಮನೆಗೆ ಬಂದು ಸೋಲಿಗೆ ಸೋಪು ಹಾಕಿ ತಿಕ್ಕಿ. ಇಲ್ಲದಿದ್ದರೆ ಮರುದಿನ ಒಣ ನೆಲದಲ್ಲೂ ಜಾರುತ್ತದೆ.

ಕಾಲುಚೀಲ ಹತ್ತಿಯದು ಬೇಡ, ನೆನೆದರೆ ಮಡಿಕೆ ಬಿದ್ದು ಬೊಕ್ಕೆ ಏಳುತ್ತದೆ.

ಜಾಲರಿಗೂ ಒಂದು ದೋಷವಿದೆ. ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿ ಕಡೆಗೆ ಓಡುವವರಿಗೆ ನುಣುಪು ಮರಳು ತೂತುಗಳಿಂದ ಒಳಗೆ ಸೇರಿ ಬೆರಳು ಉಜ್ಜುತ್ತದೆ. ಅಲ್ಲಿ ಪೊರೆಯ ಶೂ ಮೇಲು. ಚಾರಣಕ್ಕೆ, ಘಟ್ಟದ ಕೆಸರು ದಾರಿಗೆ ಟ್ರೇಲ್ ಶೂ ಬಿಟ್ಟರೆ ಬೇರೆ ಮಾತಿಲ್ಲ.

ವಾರಕ್ಕೆ ನಾಲ್ಕು ದಿನ, ಬೆಳಕು ಹರಿಯುವ ಹೊತ್ತಿಗೆ ಓಡುವ ಅಭ್ಯಾಸಕ್ಕೆ ಒಂದು ಪೊರೆಯ ಶೂವಿನ ದುಡ್ಡಿನಲ್ಲಿ ಎರಡು ಜೊತೆ ಜಾಲರಿ ಶೂ ಕೊಂಡು, ದಿನ ಬಿಟ್ಟು ದಿನ ಬದಲಿಸುವುದೇ ಲೆಕ್ಕಕ್ಕೆ ಕೂಡುತ್ತದೆ. ಉಳಿದ ದುಡ್ಡು ಕಾಲುಚೀಲಕ್ಕೆ. ಮೇ ತಿಂಗಳಲ್ಲೇ ಕೊಂಡು, ಒಮ್ಮೆ ಬಕೆಟ್ ನೀರಲ್ಲಿ ಅದ್ದಿ ಎರಡು ಕಿಲೋಮೀಟರ್ ಓಡಿ ನೋಡಿ. ಒದ್ದೆಯಾದಾಗ ಹಿಮ್ಮಡಿ ಎಲ್ಲಿ ಉಜ್ಜುತ್ತದೆ ಎಂಬುದು ಆಗಲೇ ಗೊತ್ತಾಗುತ್ತದೆ, ಆ ಜಾಗಕ್ಕೆ ಓಟಕ್ಕೆ ಮೊದಲು ವ್ಯಾಸಲಿನ್ ಹಚ್ಚಿಕೊಂಡರಾಯಿತು.