ಭೂಮಿ ಸುತ್ತುವ ಟಿಕೆಟ್: ನಮ್ಮದು ಆನ್‌ಲೈನ್, ಅಕ್ಕನದು ಏಜೆಂಟ್

ತಮ್ಮ ಸಿಡ್ನಿಯಲ್ಲಿ, ಮಗಳು ಅಮೆರಿಕದ ಸ್ಯಾನ್ ಹೋಸೆಯಲ್ಲಿ, ನಾದಿನಿ ಲಂಡನ್ನಿನಲ್ಲಿ. ಬೆಂಗಳೂರಿನ ಎಷ್ಟೋ ಮನೆಗಳ ಕಥೆ ಹೀಗೇ ಅಲ್ವಾ? ಒಬ್ಬೊಬ್ಬರ ಮನೆಗೂ ಬೇರೆ ಬೇರೆ ಸಲ ಹೋಗಿಬರುವ ಬದಲು, ಪೂರ್ವಕ್ಕೆ ಹೊರಟು ಪಶ್ಚಿಮದ ಕಡೆಯಿಂದ ಮನೆ ಸೇರುವ ಒಂದೇ ಟಿಕೆಟ್ ಸಿಗುತ್ತದೆ. ಅದಕ್ಕೆ 'ರೌಂಡ್ ದ ವರ್ಲ್ಡ್' ಟಿಕೆಟ್ ಅನ್ನುತ್ತಾರೆ. ನಾನೂ ನಮ್ಮ ಮನೆಯವರೂ ಅದನ್ನು ಆನ್‌ಲೈನ್‌ನಲ್ಲಿ ತೆಗೆದುಕೊಂಡು ಹೋಗಿಬಂದೆವು. ಆಮೇಲೆ ಅಕ್ಕ, ಭಾವ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೊರಟರು. ಅವರದ್ದು ಏಜೆಂಟ್ ಮೂಲಕ. ಆ ಏಜೆಂಟ್ ಎದುರು ಕೂತು ಮಾತಾಡಿದ್ದೂ ನಾನೇ. ಹಾಗಾಗಿ ಎರಡರ ಸುಖಕಷ್ಟವೂ ಗೊತ್ತು.

ಈ ಟಿಕೆಟ್ಟಿನ ನಿಯಮ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇದರ ದರ ಇಡುವುದು ವಿಮಾನ ಕಂಪನಿಗಳ ಒಕ್ಕೂಟ. ಸ್ಟಾರ್ ಅಲಯನ್ಸ್‌ನಲ್ಲಿ ಸಿಂಗಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್ ಇವೆ. 2014ರಿಂದ ನಮ್ಮ ಏರ್ ಇಂಡಿಯಾ ಕೂಡ ಇದೆ. ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಕ್ವಾಂಟಾಸ್, ಜಪಾನ್ ಏರ್‌ಲೈನ್ಸ್, ಕತಾರ್ ಇವೆ. ಸ್ಟಾರ್ ಲೆಕ್ಕ ಮೈಲಿಯದು: 29,000, 34,000, 39,000 ಹೀಗೆ ಹಂತಗಳು. ಭೂಮಿಯ ನಡುಸುತ್ತಳತೆಯೇ ಸುಮಾರು 24,900 ಮೈಲಿ, ಆದ್ದರಿಂದ ಮೊದಲ ಹಂತದಲ್ಲೇ ಅಲ್ಲಿ ಇಲ್ಲಿ ವಾಲಾಡಲು ಜಾಗ ಇರುತ್ತದೆ. ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್ ಎಂಬುದರ ಲೆಕ್ಕ ಖಂಡಗಳದು. ಎಷ್ಟು ಖಂಡ ಮುಟ್ಟುತ್ತೀರೋ ಅಷ್ಟಕ್ಕೆ ದರ. ಎರಡರಲ್ಲೂ ಅಟ್ಲಾಂಟಿಕ್ ಒಂದು ಸಲ, ಪೆಸಿಫಿಕ್ ಒಂದು ಸಲ ದಾಟಬೇಕು. ಒಂದೇ ದಿಕ್ಕಿಗೆ ಹೋಗಬೇಕು. ಹೊರಟ ದೇಶದಲ್ಲೇ ಮುಗಿಸಬೇಕು. ಒಂದು ವರ್ಷದ ಒಳಗೆ, ಹೆಚ್ಚೆಂದರೆ 16 ಸೆಕ್ಟರ್. ಸೆಕ್ಟರ್ ಅಂದರೆ ಊರಿಂದ ಊರಿಗೆ ಹೋಗುವ ಒಂದೊಂದು ತುಂಡು ಪ್ರಯಾಣ.

ಈ 16 ಎಲ್ಲಿಂದ ಬಂತು ಅಂತ ನನಗೆ ಹೇಳಿದ್ದು ಏಜೆಂಟ್. ಒಂದು ಟಿಕೆಟ್ ನಂಬರಿನಲ್ಲಿ ನಾಲ್ಕೇ ಕೂಪನ್, ಅಂದರೆ ನಾಲ್ಕೇ ಸೆಕ್ಟರ್ ಹಿಡಿಸುತ್ತವೆ. ಅಂಥ ನಾಲ್ಕು ಟಿಕೆಟ್ ಜೋಡಿಸಿದರೆ 16. ಕಾಗದದ ಟಿಕೆಟ್ಟಿನ ಕಾಲ ಹೋದರೂ ಲೆಕ್ಕ ಹಾಗೇ ಉಳಿದಿದೆ. ಇನ್ನೊಂದು ಸೂಕ್ಷ್ಮ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು, ಕಾರಿನಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಅಲ್ಲಿಂದ ಮುಂದಿನ ವಿಮಾನ ಹತ್ತಿದರೆ, ಆ ಕಾರಿನ ದಾರಿಯೂ ಒಂದು ಸೆಕ್ಟರ್ ಅಂತಲೇ ಲೆಕ್ಕ.

ದಾರಿ ಕಟ್ಟುವ ಕೆಲಸದಲ್ಲಿ ಆನ್‌ಲೈನ್‌ಗೆ ಸಾಟಿ ಇಲ್ಲ. ಒಕ್ಕೂಟಗಳ ಸೈಟಿನಲ್ಲಿ ಒಂದು ಭೂಪಟ ಬರುತ್ತದೆ. ಚುಕ್ಕಿ ರಂಗೋಲಿ ಹಾಕಿದ ಹಾಗೆ ಊರಿಗೆ ಊರು ಸೇರಿಸುತ್ತಾ ಹೋಗಬಹುದು. ನಿಯಮ ಮೀರಿದರೆ ತಕ್ಷಣ ತಡೆಯುತ್ತದೆ. ಸಿಡ್ನಿ ಆದಮೇಲೆ ಟೋಕಿಯೋಗೆ ಹೋಗಿ ಅಲ್ಲಿಂದ ಪೆಸಿಫಿಕ್ ದಾಟಿದರೆ ಎಷ್ಟಾಗುತ್ತದೆ, ಟೋಕಿಯೋ ಬಿಟ್ಟರೆ ಎಷ್ಟು ಉಳಿಯುತ್ತದೆ, ಎಲ್ಲ ನೋಡಿದೆ. ಬ್ರೆಜಿಲ್ ಸೇರಿಸುವ ಆಸೆಯೂ ಇತ್ತು. ಲಾಟಾಮ್ ಕಂಪನಿ 2020ರಲ್ಲಿ ಒನ್‌ವರ್ಲ್ಡ್ ಬಿಟ್ಟ ಮೇಲೆ ಆ ಒಕ್ಕೂಟದಲ್ಲಿ ದಕ್ಷಿಣ ಅಮೆರಿಕ ತಿರುಗುವುದು ಕಷ್ಟವಾಗಿದೆ ಎನ್ನುವುದು ಆಗಲೇ ಗೊತ್ತಾಗಿದ್ದು. ಹೀಗೆ ರಾತ್ರಿ ಊಟ ಆದಮೇಲೆ ಸುಮ್ನೆ ಕೂತು ಆಡುವ ಆಟ ಯಾವ ಏಜೆಂಟ್ ಜೊತೆಗೂ ಆಡಲು ಆಗುವುದಿಲ್ಲ. ನಾಲ್ಕನೇ ಸಲ ದಾರಿ ಬದಲಿಸಿ ಕೇಳಿದರೆ ಅವರ ಮುಖ ನೋಡಬೇಕು!

ಬೆಲೆಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಅಂಥ ವ್ಯತ್ಯಾಸ ಇಲ್ಲ. ಇದು ಕಂಪನಿಗಳು ಪ್ರಕಟಿಸಿದ ದರ. ಏಜೆಂಟ್‌ಗೂ ಅದೇ ಕಾಣುತ್ತದೆ, ನಮಗೂ ಅದೇ. ಚೌಕಾಸಿಗೆ ಜಾಗವಿಲ್ಲ. ಏಜೆಂಟ್ ತನ್ನ ಸರ್ವಿಸ್ ಚಾರ್ಜ್ ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸುತ್ತಾರೆ. ಆನ್‌ಲೈನ್‌ನಲ್ಲಿ ಬಿಲ್ ಡಾಲರ್‌ನಲ್ಲಿ ಬಂದರೆ ಕ್ರೆಡಿಟ್ ಕಾರ್ಡಿನ ಬ್ಯಾಂಕು ಫಾರೆಕ್ಸ್ ಮಾರ್ಕಪ್ ಅಂತ ತನ್ನ ಪಾಲು ತೆಗೆದುಕೊಳ್ಳುತ್ತದೆ. ಅಲ್ಲಿಗೆ ಅಲ್ಲಿಗೆ ಸರಿಹೋಯಿತು. ಇದೇ ದಾರಿಯನ್ನು ಬೇರೆ ದೇಶದಿಂದ ಶುರು ಮಾಡಿದರೆ ಮಾತ್ರ ದರವೇ ಬೇರೆ ಆಗುತ್ತದೆ. ಅದಕ್ಕಾಗಿ ಇನ್ನೊಂದು ದೇಶಕ್ಕೆ ಹೋಗಿ ಹೊರಡುವವರೂ ಇದ್ದಾರಂತೆ. ನಮ್ಮಿಂದ ಆಗದ ಕೆಲಸ.

ನಿಜವಾದ ವ್ಯತ್ಯಾಸ ನನಗೆ ಕಂಡಿದ್ದು ಹೆಸರಿನಲ್ಲಿ. ಭಾವನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಹಳಬರ ಪಾಸ್‌ಪೋರ್ಟುಗಳಲ್ಲಿ ಇದು ಮಾಮೂಲು. ಹೆಸರು, ಇನಿಶಿಯಲ್ ಇರುತ್ತವೆ, ಮನೆತನದ ಹೆಸರು ಅಂತ ಬೇರೆ ಇರುವುದಿಲ್ಲ. ಅಮೆರಿಕದ ವೀಸಾದಲ್ಲಿ ಇಂಥವರಿಗೆ ಇಡೀ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಬರೆಯುತ್ತಾರೆ. ಟಿಕೆಟ್ಟಿನಲ್ಲಿ ಏನು ಹಾಕಬೇಕು? ಒಂದು ಕಂಪನಿ ಅದೇ ಹೆಸರನ್ನು ಎರಡು ಸಲ ಹಾಕಿ ಅನ್ನುತ್ತದೆ, ಇನ್ನೊಂದು ಎಫ್‌ಎನ್‌ಯು ಅನ್ನುತ್ತದೆ. ಮೂರು ನಾಲ್ಕು ಕಂಪನಿಗಳ ವಿಮಾನ ಹತ್ತಬೇಕು, ಟಿಕೆಟ್ಟಿನಲ್ಲಿ ಇರುವುದು ಒಂದೇ ಹೆಸರು. ಸೈಟ್ ಎರಡೂ ಜಾಗ ತುಂಬದೆ ಮುಂದಕ್ಕೆ ಬಿಡುವುದಿಲ್ಲ, ಹೇಗೆ ತುಂಬಬೇಕು ಅಂತ ಹೇಳುವುದೂ ಇಲ್ಲ. ಏಜೆಂಟ್ ಟಿಕೆಟ್ ಇಶ್ಯೂ ಮಾಡುವ ಕಂಪನಿಯ ಡೆಸ್ಕಿಗೆ ಫೋನ್ ಮಾಡಿ, ವೀಸಾ ಪ್ರತಿ ಕಳಿಸಿ, ಒಪ್ಪಿಗೆ ಪಡೆದು ಹೆಸರು ಹಾಕಿದರು. ದಾರಿಯಲ್ಲಿ ಎಲ್ಲೂ ಪ್ರಶ್ನೆ ಬರಲಿಲ್ಲ. ಆ ಸರ್ವಿಸ್ ಚಾರ್ಜಿಗೆ ಇದೊಂದೇ ಸಾಕಾಗಿತ್ತು ಅಂತ ನನ್ನ ಅಭಿಪ್ರಾಯ.

ಊಟದ್ದೂ ಹಾಗೇ. ಅಕ್ಕ ಮೊಟ್ಟೆಯನ್ನೂ ಮುಟ್ಟುವವಳಲ್ಲ. ಭಾವನಿಗೆ ಮಂಡಿ ನೋವು, ವ್ಹೀಲ್‌ಚೇರ್ ಬೇಕೇಬೇಕು. ಏಜೆಂಟ್ ತನ್ನ ಪರದೆಯಲ್ಲಿ ಎಲ್ಲ ಸೆಕ್ಟರ್‌ಗೂ ಒಂದೇ ಸಲಕ್ಕೆ ಏಷ್ಯನ್ ವೆಜ್ ಊಟದ ಕೋಡನ್ನೂ ವ್ಹೀಲ್‌ಚೇರ್ ಕೋಡನ್ನೂ ಹಾಕಿದರು. ನಮ್ಮ ಆನ್‌ಲೈನ್ ಟಿಕೆಟ್‌ಗೆ ನಾನು ಒಂದೊಂದು ಕಂಪನಿಯ ಸೈಟಿಗೂ ಹೋಗಬೇಕಾಯಿತು. ಒಂದೇ ಟಿಕೆಟ್ ಆದರೂ ಪ್ರತಿ ಕಂಪನಿ ತನ್ನದೇ ಪಿಎನ್‌ಆರ್ ಕೊಟ್ಟಿರುತ್ತದೆ. ನಮ್ಮ ಕೈಗೆ ಬಂದಿದ್ದು ಮೊದಲ ಕಂಪನಿಯದು ಮಾತ್ರ. ಉಳಿದವನ್ನು ಫೋನ್ ಮಾಡಿ ಕೇಳಿ ಪಡೆದೆ.

ವೀಸಾ ಬರುವ ಮುಂಚೆ ಟಿಕೆಟ್ ಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲ. ಏಜೆಂಟ್ ಸೀಟು ಹಿಡಿದು ಪಿಎನ್‌ಆರ್ ಮಾಡಿಕೊಟ್ಟು, ಇಂಥ ದಿನದೊಳಗೆ ದುಡ್ಡು ಕಟ್ಟಿ ಅನ್ನುತ್ತಾರೆ. ಆ ಗಡುವು ವೀಸಾ ಬರುವಷ್ಟು ಉದ್ದ ಇರುವುದಿಲ್ಲ, ಆದರೆ ಅರ್ಜಿಯ ಜೊತೆ ತೋರಿಸಲು ದಾರಿಯ ಪ್ರತಿ ಸಿಗುತ್ತದೆ. ನಾವು ಮಾತ್ರ ಎಲ್ಲ ವೀಸಾ ಬಂದ ಮೇಲೆಯೇ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ್ದು. ಅಮೆರಿಕದ್ದು ಬರುವವರೆಗೆ ಕಾಯಲೇಬೇಕು. ಅಲ್ಲಿ ಬರೀ ವಿಮಾನ ಬದಲಿಸಿ ಹೋಗುವವರಿಗೂ ವೀಸಾ ಬೇಕು.

ಇನ್ನು ಬದಲಾವಣೆ. ಹೊರಟ ಮೇಲೆ ಎಲ್ಲೋ ಒಂದು ಕಡೆ ವಿಮಾನದ ಸಮಯ ಬದಲಾಗಿಯೇ ಆಗುತ್ತದೆ ಅಂತ ಇಟ್ಟುಕೊಳ್ಳಿ. ನಾವು ಸಿಡ್ನಿಯಲ್ಲಿದ್ದಾಗ ಅಮೆರಿಕದ ಒಳಗಿನ ಸೆಕ್ಟರ್ ತಡವಾಗಿ ಹೊರಡುತ್ತದೆ ಅಂತ ಮೇಲ್ ಬಂತು. ಹಾಗಾದರೆ ನ್ಯೂಯಾರ್ಕಿನಲ್ಲಿ ಲಂಡನ್ ವಿಮಾನ ತಪ್ಪುತ್ತದೆ. ವಿಮಾನ ಹಾರಿಸುವ ಕಂಪನಿಗೆ ಫೋನ್ ಮಾಡಿದರೆ "ಟಿಕೆಟ್ ನಮ್ಮದಲ್ಲ, ಇಶ್ಯೂ ಮಾಡಿದವರನ್ನು ಕೇಳಿ" ಅಂದರು. ಇಶ್ಯೂ ಮಾಡಿದವರು "ಸಮಯ ಬದಲಿಸಿದ್ದು ಅವರು, ಮೊದಲು ಅವರು ಬೇರೆ ಸೀಟು ಕೊಡಲಿ" ಅಂದರು. ತಮ್ಮನ ಫೋನಿನಲ್ಲಿ ಹೋಲ್ಡ್ ಸಂಗೀತ ಕೇಳುತ್ತಾ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕೊನೆಗೆ ಈ ಟಿಕೆಟ್ ಬಗ್ಗೆ ತಿಳಿದ ಒಬ್ಬಾಕೆ ಸಿಕ್ಕಿ, ಬೆಳಗಿನ ವಿಮಾನಕ್ಕೆ ಹಾಕಿ, ಟಿಕೆಟ್ ರೀಇಶ್ಯೂ ಮಾಡಿದರು. ಈ ರೀಇಶ್ಯೂ ಮುಖ್ಯ. ಪಿಎನ್‌ಆರ್‌ನಲ್ಲಿ ಹೊಸ ಸಮಯ ಕಂಡರೆ ಸಾಲದು, ಟಿಕೆಟ್ ಕೂಡ ಅದಕ್ಕೆ ಹೊಂದಬೇಕು. ಇಲ್ಲದಿದ್ದರೆ ಚೆಕ್-ಇನ್ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಒಂದು ಸೆಕ್ಟರ್ ಹತ್ತದೆ ಬಿಟ್ಟರೆ ಮುಂದಿನವೆಲ್ಲ ರದ್ದಾಗುತ್ತವೆ, ಅದು ಬೇರೆ.

ಅಕ್ಕನ ಟಿಕೆಟ್ಟಿನಲ್ಲೂ ಸಮಯ ಬದಲಾಯಿತು. ಸುದ್ದಿ ನೇರ ಏಜೆಂಟ್ ಪರದೆಗೆ ಬಂದು, ಅವರೇ ಸರಿಮಾಡಿ ಹೊಸ ಟಿಕೆಟ್ ವಾಟ್ಸಾಪ್‌ಗೆ ಹಾಕಿದರು. ಅಕ್ಕನಿಗೆ ಗೊತ್ತಾಗಿದ್ದೇ ಆಮೇಲೆ.

ಹಾಗಂತ ಏಜೆಂಟ್ ದೇವರೇನಲ್ಲ. ಸ್ಯಾನ್ ಹೋಸೆಯಲ್ಲಿ ಇನ್ನೊಂದು ವಾರ ಇರೋಣ ಅಂತ ಅಕ್ಕನಿಗೆ ಮನಸ್ಸು ಬಂದಿದ್ದು ಒಂದು ಶನಿವಾರ ಬೆಳಗ್ಗೆ. ಬೆಂಗಳೂರಿನಲ್ಲಿ ಆಗ ಶನಿವಾರ ರಾತ್ರಿ, ಆಫೀಸ್ ಮುಚ್ಚಿತ್ತು. ವಿಮಾನ ಕಂಪನಿ ಏಜೆಂಟರನ್ನೇ ಕೇಳಿ ಅಂತು. ಸೋಮವಾರದವರೆಗೆ ಕಾದರು. ಅಷ್ಟರಲ್ಲಿ ಅಕ್ಕ ಕೇಳಿದ ದಿನದ ಸೀಟು ಹೋಗಿತ್ತು. ಅದೇ ದರ್ಜೆಯ ಸೀಟು ಇದ್ದರೆ ತಾರೀಖು ಬದಲಿಸಲು ಕಂಪನಿ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಏಜೆಂಟ್ ಮಾತ್ರ ಪ್ರತಿ ಬದಲಾವಣೆಗೂ ತಮ್ಮ ಚಾರ್ಜ್ ಹಾಕಿದರು. ನಮ್ಮದಾಗಿದ್ದರೆ ಆಗಲೇ ಫೋನ್ ಮಾಡಿ ಮುಗಿಸುತ್ತಿದ್ದೆ.

ಸರಿಯಾದ ಏಜೆಂಟ್ ಸಿಗುವುದೂ ಸುಲಭವಲ್ಲ. ಜಯನಗರದಲ್ಲಿ ಒಬ್ಬರು "ಮೇಡಂ, ಅದೆಲ್ಲ ಈಗ ಇಲ್ಲ, ಎರಡು ರಿಟರ್ನ್ ಟಿಕೆಟ್ ತಗೊಳ್ಳಿ" ಅಂದರು. ಇನ್ನೊಬ್ಬರು ಯೂರೋಪ್ ಪ್ಯಾಕೇಜಿನ ಬಣ್ಣದ ಪುಸ್ತಕ ಕೈಗಿಟ್ಟರು. ಕೊನೆಗೆ ಕನ್ನಿಂಗ್‌ಹ್ಯಾಮ್ ರಸ್ತೆಯ ಒಂದು ಹಳೇ ಆಫೀಸಿನಲ್ಲಿ, ಅಮೆಡಿಯಸ್ ಎಂಬ ಟಿಕೆಟ್ ಬುಕಿಂಗ್ ಸಾಫ್ಟ್‌ವೇರಿನ ಪರದೆ ಮುಂದೆ ಕೂದಲು ಹಣ್ಣಾಗಿಸಿಕೊಂಡ ಒಬ್ಬರು ಸಿಕ್ಕರು. ನಾನು ಸೈಟಿನಲ್ಲಿ ಕಟ್ಟಿದ ದಾರಿಯನ್ನೇ ಪ್ರಿಂಟ್ ಮಾಡಿ ಅವರ ಮುಂದಿಟ್ಟೆ. ನ್ಯೂಯಾರ್ಕಿನಲ್ಲಿ ನಯಾಗರಕ್ಕೆ ಅಂತ ಒಂದು ನಿಲುಗಡೆ ಸೇರಿಸಿ, ಉಳಿದದ್ದನ್ನು ಹಾಗೇ ಟೈಪ್ ಮಾಡಿದರು. ಈ ಎರಡನ್ನೂ ಬೆರೆಸುವ ವಿಧಾನವೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಯೋಚನೆ ನಮ್ಮದು, ಬೆರಳು ಅವರದು.

ದುಡ್ಡು ಕೊಡುವ ಮುಂಚೆ ಐಎಟಿಎ, ಅಂದರೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘದ ಮಾನ್ಯತೆ ಇದೆಯಾ ಕೇಳಿ. ಇಲ್ಲದಿದ್ದರೆ ಅವರು ಇನ್ನೊಬ್ಬರ ಕೈಯಲ್ಲಿ ಟಿಕೆಟ್ ಮಾಡಿಸುತ್ತಾರೆ, ತೊಂದರೆ ಬಂದಾಗ ಮಾತು ಒಂದು ಕೈ ದಾಟಿ ಹೋಗಬೇಕು. ದುಡ್ಡು ಕೊಟ್ಟ ಮೇಲೆ ಪಿಎನ್‌ಆರ್ ಒಂದನ್ನೇ ನಂಬಬೇಡಿ, 13 ಅಂಕಿಯ ಟಿಕೆಟ್ ನಂಬರ್ ಕೇಳಿ. ಅಕ್ಕನದು ಐದು ಸೆಕ್ಟರ್, ಆದ್ದರಿಂದ ಒಬ್ಬೊಬ್ಬರಿಗೂ ಒಂದರ ಹಿಂದೊಂದು ಎರಡು ನಂಬರ್. ಹೋಟೆಲ್ ಕೂಡ ನಾವೇ ಮಾಡಿಕೊಡುತ್ತೇವೆ ಅಂತ ಅಂದರೆ ಯೋಚಿಸಿ. ಬರೀ ಅಂತರರಾಷ್ಟ್ರೀಯ ಟಿಕೆಟ್ ಕೊಂಡರೆ ಅದು ವಿದೇಶ ಪ್ರವಾಸದ ಪ್ಯಾಕೇಜ್ ಅಲ್ಲ ಎಂದು ತೆರಿಗೆ ಮಂಡಳಿ 2023ರ ಜೂನ್‌ನಲ್ಲೇ ಸ್ಪಷ್ಟ ಮಾಡಿದೆ. ಹೋಟೆಲ್ ಸೇರಿದರೆ ಪ್ಯಾಕೇಜ್ ಆಗಿ, ಟಿಸಿಎಸ್ ಅಂತ ಮಾರುವವರೇ ಮೊದಲೇ ವಸೂಲು ಮಾಡುವ ತೆರಿಗೆ ಕಟ್ಟಬೇಕು. ಆದಾಯ ತೆರಿಗೆ ರಿಟರ್ನ್ ಹಾಕುವಾಗ ವಾಪಸ್ ಸಿಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ.

ಇಂಗ್ಲಿಷಿನಲ್ಲಿ ಫೋನಿಗೆ ವಾದ ಮಾಡಬಲ್ಲವರು, ಪಾಸ್‌ಪೋರ್ಟಿನಲ್ಲಿ ಎರಡು ಹೆಸರೂ ಇರುವವರು ಆನ್‌ಲೈನ್‌ನಲ್ಲೇ ಮಾಡಿಕೊಳ್ಳಲಿ. ಅಪ್ಪ ಅಮ್ಮನನ್ನು ಇಬ್ಬರೇ ಕಳಿಸುವುದಾದರೆ ನಾನು ಕನ್ನಿಂಗ್‌ಹ್ಯಾಮ್ ರಸ್ತೆಗೇ ಹೋಗುವುದು. ನಿಮ್ಮ ದಾರಿಯಲ್ಲಿ ಸಿಡ್ನಿಯಂಥ ಊರು ಇಲ್ಲ, ಅಮೆರಿಕ ಮತ್ತು ಲಂಡನ್ ಎರಡೇ ಇವೆ ಎಂದರೆ ಭೂಮಿ ಸುತ್ತುವ ಟಿಕೆಟ್ಟೇ ಬೇಡ. ವಾಪಸ್ ಬರುವಾಗ ಲಂಡನ್ನಿನಲ್ಲಿ ಇಳಿಯುವ ಹಾಗೆ ಮಾಮೂಲಿ ಮಲ್ಟಿ-ಸಿಟಿ ಟಿಕೆಟ್ ಯಾವ ಸೈಟಿನಲ್ಲಾದರೂ ಕಾಫಿ ಆರುವುದರೊಳಗೆ ಸಿಗುತ್ತದೆ.