ಸಿಗ್ನಲ್ ಆ್ಯಪ್: ಕೀಲಿ ಗಟ್ಟಿ, ಕೀಲಿಕೈ ಮಾತ್ರ ನಮ್ಮ ತಲೆನೋವು

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನನ್ನದೊಂದು ಸಣ್ಣ ಆಫೀಸು. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವ ಕೆಲಸ. ಒಮ್ಮೆ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟಿಗೆ ನಿಂತಿದ್ದೆ. ಅವರ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಊರ ಮಂದಿಯ ಆಧಾರ್ ಕಾರ್ಡೆಲ್ಲ ಸಾಲಾಗಿ ಕೂತಿದ್ದವು. ಛೇ ಅಂದುಕೊಂಡು ಮನೆಗೆ ಬಂದು ನನ್ನ ಫೋನಿನ ಗ್ಯಾಲರಿ ತೆರೆದರೆ ಅಲ್ಲೂ ಅದೇ ಕಥೆ!

2021ರ ಜನವರಿಯಲ್ಲಿ ವಾಟ್ಸಾಪ್‌ನ ಹೊಸ ಪ್ರೈವೆಸಿ ಪಾಲಿಸಿ ಗದ್ದಲ ಎದ್ದಾಗ ಎಲ್ಲರ ಜೊತೆ ನಾನೂ ಸಿಗ್ನಲ್ ಅನ್ನೋ ಮೆಸೇಜ್ ಆ್ಯಪ್ ಹಾಕಿಕೊಂಡೆ. ಮುಕ್ಕಾಲು ಮಂದಿ ತಿಂಗಳೊಳಗೆ ವಾಪಸ್ ಹೋದರು. ನಾನು ಉಳಿದೆ, ಅದೂ ಗಿರಾಕಿಗಳ ಕಾಗದಪತ್ರಕ್ಕಷ್ಟೇ. ಮದುವೆ ಕಾರ್ಡು, ಗುಡ್ ಮಾರ್ನಿಂಗ್ ಗುಲಾಬಿ ಎಲ್ಲ ಈಗಲೂ ವಾಟ್ಸಾಪ್‌ನಲ್ಲೇ.

ಒಂದು ವಿಷಯ ಹೇಳಿಬಿಡುತ್ತೇನೆ. ಮೆಸೇಜಿಗೆ ಹಾಕುವ ಕೀಲಿ ಎರಡರದ್ದೂ ಒಂದೇ. ಸಿಗ್ನಲ್‌ನವರು ಮಾಡಿದ ಪದ್ಧತಿಯನ್ನೇ ವಾಟ್ಸಾಪ್ 2016ರಲ್ಲಿ ಪೂರ್ತಿ ಅಳವಡಿಸಿಕೊಂಡಿತು. ಪ್ರತಿ ಮೆಸೇಜಿಗೂ ಹೊಸ ಕೀಲಿಕೈ ಹುಟ್ಟುತ್ತದೆ, ಕೆಲಸ ಮುಗಿದ ಮೇಲೆ ಅಳಿಸಿಹೋಗುತ್ತದೆ. ನಾಳೆ ಯಾರೋ ಒಂದು ಕೀಲಿಕೈ ಕದ್ದರೂ ನಿನ್ನೆಯ ಮಾತು ತೆರೆಯುವುದಿಲ್ಲ. ಹಂಗಾದ್ರೆ ಫರಕು ಎಲ್ಲಿ ಅಂತೀರಾ? ಯಾರು ಯಾರ ಜೊತೆ ಯಾವಾಗ ಮಾತಾಡಿದರು ಅನ್ನೋ ಲೆಕ್ಕ ಇಟ್ಟುಕೊಳ್ಳುವುದರಲ್ಲಿ. 2016ರಲ್ಲಿ ಅಮೆರಿಕದ ಒಂದು ಕೋರ್ಟಿನಿಂದ ಸಿಗ್ನಲ್‌ಗೆ ಆದೇಶ ಬಂದಿತ್ತು, ಬಳಕೆದಾರರ ಮಾಹಿತಿ ಕೊಡಿ ಅಂತ. ಅವರ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ದಿನ, ಕೊನೆಯ ಸಲ ಅವರ ಸರ್ವರ್ ಕಂಪ್ಯೂಟರಿಗೆ ಬಂದ ದಿನ. ನನ್ನಂಥ ಲೆಕ್ಕದ ಮನುಷ್ಯನಿಗೆ ಇಷ್ಟು ಖಾಲಿ ಖಾತೆಪುಸ್ತಕ ನೋಡಿ ಹೊಟ್ಟೆಕಿಚ್ಚಾಯಿತು.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ನನ್ನ ಗಿರಾಕಿ. ಅವರಿಗೆ ಸಿಗ್ನಲ್ ಹಾಕಿಕೊಡಲು ಅಂಗಡಿಗೇ ಹೋಗಿದ್ದೆ. ಚೀಲಗಳ ನಡುವೆ ಕೂತು, ಸೀನುತ್ತ ಸೀನುತ್ತ ಸೇಫ್ಟಿ ನಂಬರ್ ತೆಗೆದೆವು. ಐದೈದರ ಹನ್ನೆರಡು ಗುಂಪು, ಒಟ್ಟು 60 ಅಂಕಿ. ಇಬ್ಬರ ಫೋನಿನಲ್ಲೂ ಒಂದೇ ಇದ್ದರೆ ನಡುವೆ ಕದ್ದು ಓದುವವರು ಯಾರೂ ಕೂತಿಲ್ಲ ಅಂತ ಅರ್ಥ. ಸುಮ್ನೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೂ ಸಾಕು, ಆದರೆ ಸಾಹುಕಾರರು ಒಪ್ಪಲಿಲ್ಲ. "ನೀವು ಓದ್ರಿ, ನಾ ನೋಡ್ತೀನಿ" ಅಂತ ಅರವತ್ತೂ ಓದಿಸಿದರು.

ಅದರ ಉಪಯೋಗ ಮರುವರ್ಷ ಗೊತ್ತಾಯಿತು. ಅವರ ಬ್ಯಾಂಕ್ ವಿವರ ಕಳಿಸಬೇಕು ಅನ್ನುವಾಗ, ಸೇಫ್ಟಿ ನಂಬರ್ ಬದಲಾಗಿದೆ ಅಂತ ಚಾಟಿನಲ್ಲಿ ಒಂದು ಸಾಲು ಕಂಡಿತು. ಕೈ ತಡೆದು ಫೋನ್ ಮಾಡಿದೆ. "ಮಗ ಹೊಸಾ ಫೋನ್ ಕೊಡಿಸ್ಯಾನ್ರಿ" ಅಂದರು. ಏನೂ ಆಗಿರಲಿಲ್ಲ. ಆದರೂ ಆ ಸಾಲು ಕಾಣದಿದ್ದರೆ ನಾನು ಕೇಳುತ್ತಲೂ ಇರಲಿಲ್ಲ, ಅಲ್ವಾ?

ನಾನು ಜಾಸ್ತಿ ಬಳಸುವುದು ತಾನಾಗಿ ಅಳಿಸಿಹೋಗುವ ಮೆಸೇಜ್. ಒಂದು ವಾರಕ್ಕೆ ಇಟ್ಟಿದ್ದೇನೆ, ನಾಲ್ಕು ವಾರದವರೆಗೂ ಇಡಬಹುದು. ಆದರೆ ಫೋಟೊ ಒಮ್ಮೆ ಗ್ಯಾಲರಿಗೆ ಸೇವ್ ಮಾಡಿಕೊಂಡರೆ ಅದು ಅಲ್ಲೇ ಉಳಿಯುತ್ತದೆ. ಅದನ್ನು ನಾವೇ ಕೈಯಾರೆ ಅಳಿಸಬೇಕು. 2023ರಲ್ಲಿ ಸಿಗ್ನಲ್‌ನವರು, ಮುಂದೆಂದೋ ಬರಬಹುದಾದ ಭಾರೀ ಶಕ್ತಿಯ ಕ್ವಾಂಟಂ ಕಂಪ್ಯೂಟರಿಗೂ ಜಗ್ಗದ ಹಾಗೆ ಕೀಲಿ ಬಲಪಡಿಸಿದರಂತೆ. ನನ್ನ ಜಿಎಸ್‌ಟಿ ಚಲನ್ ಮೇಲೆ ಕ್ವಾಂಟಂ ಕಂಪ್ಯೂಟರ್ ಬಿಡುವವರು ಯಾರೋ ಕಾಣೆ, ಇರಲಿ.

ಇನ್ನು ನನ್ನ ಫಜೀತಿ. ಆ್ಯಂಡ್ರಾಯ್ಡ್‌ನಲ್ಲಿ ಸಿಗ್ನಲ್‌ನ ಬ್ಯಾಕಪ್, ಅಂದರೆ ಮಾತುಕತೆಯ ನಕಲು, ಫೋನಿನಲ್ಲೇ ಉಳಿಯುತ್ತಿತ್ತು, ತೆರೆಯಲು 30 ಅಂಕಿಯ ಸಂಖ್ಯೆ ಬೇಕು. ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿದ್ದೆ. ಫೋನ್ ಮಳೆಗೆ ಸಿಕ್ಕು ಸತ್ತಿತು. ಮೆಮೊರಿ ಕಾರ್ಡಿನಲ್ಲಿ ಬ್ಯಾಕಪ್ ಫೈಲ್ ಭದ್ರವಾಗಿತ್ತು. ಕ್ಯಾಲೆಂಡರ್? ಜನವರಿ ಬಂತೆಂದು ಅವ್ವ ಅದನ್ನು ರದ್ದಿಗೆ ಹಾಕಿದ್ದಳು. ಫೈಲ್ ಕಣ್ಣೆದುರಿಗಿದೆ, ತೆರೆಯುವುದಿಲ್ಲ. "ಪಾಸ್‌ವರ್ಡ್ ಮರೆತಿರಾ" ಅನ್ನೋ ಬಟನ್ ಇಲ್ಲಿ ಇಲ್ಲ, ಇರಲಿಕ್ಕೂ ಆಗದು. ಅದು ಇದ್ದರೆ ಕೀಲಿಕೈ ಅವರ ಹತ್ತಿರವೂ ಇದೆ ಅಂತಾಯಿತಲ್ಲ. ಎರಡು ವರ್ಷದ ಮಾತುಕತೆ ಹೋಯಿತು. ತಪ್ಪು ನನ್ನದೇ, ಆದರೂ ಒಂದು ದಿನ ಊಟ ಸೇರಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಸಿಗ್ನಲ್‌ನವರ ಸರ್ವರಿನಲ್ಲೇ ಬ್ಯಾಕಪ್ ಇಡುವ ಸೌಲಭ್ಯ ಶುರುವಾಯಿತು. ಇದಕ್ಕೆ 64 ಅಕ್ಷರದ ಕೀಲಿಕೈ. ಪುಕ್ಕಟೆಯಾಗಿ ಮಾತೆಲ್ಲ ಉಳಿಯುತ್ತದೆ, ಫೋಟೊ ಮಾತ್ರ ಕೊನೆಯ 45 ದಿನದ್ದು. ನನಗೆ ಸಾಕು.

ಬೇಸರ ತರಿಸುವುದೂ ಇದೆ. ಆಗಾಗ ಪಿನ್ ಕೇಳಿ ನೆನಪಿದೆಯಾ ಅಂತ ಪರೀಕ್ಷೆ ಮಾಡುತ್ತದೆ. ಖಾತೆ ತೆರೆಯಲು ಈಗಲೂ ಫೋನ್ ನಂಬರ್ ಬೇಕೇ ಬೇಕು. 2024ರಿಂದ ಯೂಸರ್‌ನೇಮ್ ಕೊಟ್ಟು ನಂಬರ್ ಮುಚ್ಚಿಡಬಹುದು ಅನ್ನೋದೇ ಸಮಾಧಾನ. ಇನ್ನು ಗಿರಾಕಿಗಳು ಬರದಿದ್ದರೆ ಆ್ಯಪ್ ತಾನೇ ಏನು ಮಾಡೀತು? ನೂರರ ಮೇಲೆ ಗಿರಾಕಿಗಳಿದ್ದರೂ ಸಿಗ್ನಲ್‌ನಲ್ಲಿರೋದು ಇಪ್ಪತ್ತು ಮಂದಿ. ಉಳಿದವರಿಗೆ ವಾಟ್ಸಾಪ್‌ನ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ (ಅದೇ ಕೀಲಿ ಹಾಕುವುದು) ಆನ್ ಮಾಡಿಕೊಡುತ್ತೇನೆ. ಅದು ತಾನಾಗಿ ಆನ್ ಆಗಿರುವುದಿಲ್ಲ, ಸೆಟ್ಟಿಂಗ್‌ನಲ್ಲಿ ಹುಡುಕಬೇಕು.

ಆ 64 ಅಕ್ಷರದ ಚೀಟಿ ಈಗ ಹೊಲದ ಉತಾರದ ಫೈಲಿನಲ್ಲಿದೆ. ಅವ್ವ ಆ ಫೈಲ್ ಮಾತ್ರ ರದ್ದಿಗೆ ಹಾಕುವುದಿಲ್ಲ.