ಅನ್‌ಮಿನ್ ಸೇವೆಯ ವಿಮರ್ಶೆ: ಬಂದೂಕಿನ ಲೆಕ್ಕ ಪಕ್ಕಾ, ಮನುಷ್ಯರ ಲೆಕ್ಕ ಅರ್ಧ

ನೇಪಾಳದ ಮಾವೋವಾದಿ ಬಂಡಾಯ ನಿಂತ ಮೇಲೆ ವಿಶ್ವಸಂಸ್ಥೆಯ ಅನ್‌ಮಿನ್ ತಂಡ 2007ರಿಂದ 2011ರವರೆಗೆ ಅಲ್ಲಿ ಶಸ್ತ್ರಾಸ್ತ್ರಗಳ ಉಸ್ತುವಾರಿ ಮಾಡಿತು. ಕೇಳಿದ್ದೇನು, ಸಿಕ್ಕಿದ್ದೇನು, ಎಲ್ಲಿ ಕೈಕೊಟ್ಟಿತು ಎಂದು ಅದನ್ನು ಒಂದು ಸೇವೆಯಾಗಿಯೇ ಇಲ್ಲಿ ತೂಗಿದ್ದೇವೆ.

ಮೊದಲು ಗುತ್ತಿಗೆಯ, ಅಂದರೆ ವಿಶ್ವಸಂಸ್ಥೆಗೆ ಒಪ್ಪಿಸಿದ ಕೆಲಸದ, ಹಿನ್ನೆಲೆ. 'ಮಧ್ಯಸ್ಥಿಕೆ' ಎಂಬ ಪದವೇ ದೆಹಲಿಗೆ ಆಗದು. ಕಾಶ್ಮೀರದ ವಿಚಾರದಲ್ಲಿ ಮೂರನೆಯವರು ಬೇಡ ಎನ್ನುವ ದೇಶ, ಗಡಿಯೇ ತೆರೆದಿರುವ ಪಕ್ಕದ ದೇಶಕ್ಕೆ ಮೂರನೆಯವರು ಬರುವುದನ್ನು ಸುಲಭವಾಗಿ ಒಪ್ಪುವಂತಿರಲಿಲ್ಲ. ಆದರೆ ಮಾವೋವಾದಿಗಳೂ ಅರಸನ ನೇರ ಆಳ್ವಿಕೆಗೆ ಎದುರು ನಿಂತಿದ್ದ ನೇಪಾಳದ ಏಳು ಪಕ್ಷಗಳೂ 2005ರ ನವೆಂಬರ್ 22ರ 12 ಅಂಶಗಳ ಒಪ್ಪಂದಕ್ಕೆ ಬಂದದ್ದು ದೆಹಲಿಯಲ್ಲೇ. ಸಂವಿಧಾನ ಸಭೆಯ ಚುನಾವಣೆಯ ಹೊತ್ತಿಗೆ ಎರಡೂ ಸೇನೆಗಳು, ಅಂದರೆ ಸರ್ಕಾರದ್ದೂ ಮಾವೋವಾದಿಗಳದ್ದೂ, ವಿಶ್ವಸಂಸ್ಥೆಯ ಅಥವಾ ನಂಬಿಕಸ್ಥ ಅಂತರರಾಷ್ಟ್ರೀಯ ಮೇಲ್ವಿಚಾರಣೆಯಲ್ಲಿ ಇರಬೇಕು ಎಂಬ ಮಾತು ಅದರಲ್ಲೇ ಇತ್ತು. 2006ರ ಆಗಸ್ಟ್ 9ರಂದು ಸರ್ಕಾರ ಮತ್ತು ಮಾವೋವಾದಿಗಳು ನೆರವು ಕೋರಿ ಒಂದೇ ಒಕ್ಕಣೆಯ ಎರಡು ಪತ್ರಗಳನ್ನು ವಿಶ್ವಸಂಸ್ಥೆಗೆ ಕಳಿಸಿದರು. ಭಾರತ ಅಡ್ಡ ಬರಲಿಲ್ಲ. ಕೆಲಸ ಕಿರಿದಾಗಿರಲಿ ಎಂದು ಮಾತ್ರ ನೋಡಿಕೊಂಡಿತು. ಹಾಗಾಗಿ 2007ರ ಜನವರಿ 23ರ ಭದ್ರತಾ ಮಂಡಳಿ ನಿರ್ಣಯ 1740ರಲ್ಲಿ ಮಧ್ಯಸ್ಥಿಕೆಯ ಅಧಿಕಾರವಿಲ್ಲ. ಶಸ್ತ್ರ ಮತ್ತು ಸೇನೆಗಳ ಉಸ್ತುವಾರಿ, ಕದನವಿರಾಮಕ್ಕೆ ನೆರವು, ಚುನಾವಣೆಗೆ ತಾಂತ್ರಿಕ ಸಹಾಯ, ಅಷ್ಟೇ.

ಈ ಸೇವೆಯ ಅತ್ಯುತ್ತಮ ಭಾಗ ಅದರ ಕಂಟೇನರ್. ಪ್ರತಿ ಬಂದೂಕಿನ ಬಗೆ, ಕ್ಯಾಲಿಬರ್, ಸರಣಿ ಸಂಖ್ಯೆ ದಾಖಲಿಸಿ ಒಳಗಿಟ್ಟು ಒಂದೇ ಬೀಗ ಹಾಕುತ್ತಿದ್ದರು. ಕೀಲಿ ಇರುತ್ತಿದ್ದದ್ದು ಆಯಾ ಸೇನೆಯ ಕಡೆಯವರ ಕೈಯಲ್ಲೇ, ವಿಶ್ವಸಂಸ್ಥೆಯ ಬಳಿ ಅಲ್ಲ. ಬೀಗ ಮುರಿದರೆ ಸೈರನ್ ಕೂಗುತ್ತಿತ್ತು, ಉಪಕರಣ ದಾಖಲಿಸಿಕೊಳ್ಳುತ್ತಿತ್ತು, ಕ್ಯಾಮೆರಾ ಹಗಲೂ ರಾತ್ರಿ ನೋಡುತ್ತಿತ್ತು. ಸೋತು ಶಸ್ತ್ರ ಒಪ್ಪಿಸಿದೆವು ಎಂಬ ಭಾವನೆ ಬಂದರೆ ಯಾವ ಬಂಡಾಯಗಾರನೂ ಬಂದೂಕು ಕೆಳಗಿಡುವುದಿಲ್ಲ. ಕೀಲಿಯನ್ನು ಅವರ ಜೇಬಿನಲ್ಲೇ ಬಿಟ್ಟದ್ದು ಆ ಗಂಟನ್ನು ಬಿಡಿಸಿತು. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಜಾಣ ಏರ್ಪಾಡು ಇನ್ನೊಂದಿಲ್ಲ. ಸ್ಫೋಟಕಗಳನ್ನು ಮಾವೋವಾದಿ ಹೋರಾಟಗಾರರು ತಂಗಿದ್ದ ಶಿಬಿರಗಳಿಂದ ದೂರದಲ್ಲಿ ಬೇರೆಯಾಗಿಯೇ ಇಡಬೇಕಿತ್ತು.

ಚುಲಾಚುಲಿಯಿಂದ ಶಕ್ತಿಖೋರ್‌ವರೆಗೆ, ಅಲ್ಲಿಂದ ಕೈಲಾಲಿಯವರೆಗೆ 7 ಮುಖ್ಯ ಶಿಬಿರಗಳು, 21 ಉಪಶಿಬಿರಗಳು. ನೋಂದಾಯಿತ ಮಾವೋವಾದಿ ಶಸ್ತ್ರಗಳು 3,475. ಅದರಲ್ಲಿ ಶಿಬಿರ ಕಾವಲಿಗೆ 524, ನಾಯಕರ ರಕ್ಷಣೆಗೆ 96 ಹೊರಗಿಟ್ಟು ಉಳಿದ 2,855 ಒಳಗೆ. ನೇಪಾಳ ಸೇನೆಯೂ ಕಾಠ್ಮಂಡುವಿನ ಛೌನಿ ಬ್ಯಾರಕ್‌ನಲ್ಲಿ ಸರಿಯಾಗಿ ಅಷ್ಟೇ ಶಸ್ತ್ರಗಳಿಗೆ ಬೀಗ ಹಾಕಿಸಿತು. ಇದನ್ನೆಲ್ಲ ಕಾಯಲು ಮಂಜೂರಾಗಿದ್ದದ್ದು ಗರಿಷ್ಠ 186 ನಿರಾಯುಧ ಉಸ್ತುವಾರಿಗರು. ಅವರು ಬರುವ ಮುಂಚಿನ ವಾರಗಳಲ್ಲಿ, ಬ್ರಿಟಿಷ್ ಮತ್ತು ಭಾರತೀಯ ಸೇನೆಗಳಿಂದ ನಿವೃತ್ತರಾದ 111 ಗೂರ್ಖಾಗಳು ಕಾವಲಿಗೆ ನಿಂತರು. ಅವರ ಹೆಸರು ಯಾರೂ ಎತ್ತುವುದಿಲ್ಲ, ಎತ್ತಬೇಕು.

ದೂರುಗಳಿಗೆ 9 ಜನರ ಜಂಟಿ ಸಮಿತಿ ಇತ್ತು: ಅಧ್ಯಕ್ಷರು ವಿಶ್ವಸಂಸ್ಥೆಯವರು, ಇಬ್ಬರು ಉಪಾಧ್ಯಕ್ಷರು ಎರಡೂ ಸೇನೆಗಳವರು. ಎದುರುಬದುರು ಗುಂಡು ಹಾರಿಸಿದವರು ಒಂದೇ ಮೇಜಿನ ಸುತ್ತ ಕೂತು ಮಾತಾಡಿದರು. ಈ ಭಾಗಕ್ಕೂ ಪೂರ್ಣ ಅಂಕ.

ಕೆಟ್ಟದ್ದು ಜನರ ಎಣಿಕೆಯಲ್ಲಿ. ಮಾವೋವಾದಿ ಹೋರಾಟಗಾರರೆಂದು ನೋಂದಾಯಿಸಿಕೊಂಡವರು 32,250. ಎರಡನೇ ಸುತ್ತಿನ ಸಂದರ್ಶನಕ್ಕೆ 8,640 ಜನ ಬರಲೇ ಇಲ್ಲ. 4,008 ಜನ ಅನರ್ಹರಾದರು. ಅವರಲ್ಲಿ 2,973 ಅಪ್ರಾಪ್ತರು. ಅರ್ಹರಾಗಿ ಉಳಿದವರು 19,602. ಐದಾರು ಜನರಿಗೆ ಒಂದು ಬಂದೂಕು ಎಂಬ ಲೆಕ್ಕ ಆಗಲೇ ಅನುಮಾನ ಹುಟ್ಟಿಸಬೇಕಿತ್ತು. ಆದರೆ ಪರೀಕ್ಷೆಯ ಅಳತೆಗೋಲು ಎರಡೇ: 2006ರ ಮೇ 25ಕ್ಕೆ 18 ವರ್ಷ ತುಂಬಿತ್ತೇ, ಅದಕ್ಕೂ ಮೊದಲು ಸೇರಿದ್ದರೇ? ನಿಜಕ್ಕೂ ಯುದ್ಧ ಮಾಡಿದ್ದರೇ ಎಂದು ತೂಗುವ ಅಳತೆಗೋಲು ಇರಲಿಲ್ಲ. 2009ರ ಮೇನಲ್ಲಿ ಶಕ್ತಿಖೋರ್ ಶಿಬಿರದಲ್ಲಿ ಚಿತ್ರಿಸಿದ್ದ ವಿಡಿಯೊ ಹೊರಬಿತ್ತು. ನಮ್ಮ ನಿಜವಾದ ಬಲ ಏಳೆಂಟು ಸಾವಿರ ಎಂದು ಮಾವೋವಾದಿಗಳ ಮುಖ್ಯಸ್ಥ ಪ್ರಚಂಡ 2008ರ ಜನವರಿಯಲ್ಲಿ ಆಡಿದ್ದ ಮಾತು ಅದರಲ್ಲಿತ್ತು. ತಂಡದ ಮೇಲಿನ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ಅದು. ತಪ್ಪು ಎಣಿಸಿದವರದ್ದಲ್ಲ, ಅಳತೆಗೋಲು ಬರೆದವರದ್ದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ಹೆಚ್ಚು ನೋಯಿಸುವುದು ಆ ಅಪ್ರಾಪ್ತರ ಪಾಡು: 2007ರ ಡಿಸೆಂಬರ್‌ಗೇ ಪರಿಶೀಲನೆ ಮುಗಿದಿದ್ದರೂ ಅವರು ಶಿಬಿರ ಬಿಟ್ಟದ್ದು 2010ರ ಆರಂಭದಲ್ಲಿ. ಎರಡು ವರ್ಷ ಸುಮ್ಮನೆ ಹಾಳು.

ಎರಡನೇ ಕೊರತೆ ಅವಧಿಯದ್ದು. ಮೊದಲಿಗೆ ಕೊಟ್ಟದ್ದು 12 ತಿಂಗಳು. ಸಂವಿಧಾನ ಸಭೆಯ ಚುನಾವಣೆಯೇ ಎರಡು ಸಲ ಮುಂದೂಡಿ 2008ರ ಏಪ್ರಿಲ್ 10ಕ್ಕೆ ಬಂತು. ಆಮೇಲೆ ಕೆಲವೇ ತಿಂಗಳ ಕಂತುಗಳಲ್ಲಿ ವಿಸ್ತರಣೆ, ಪ್ರತಿ ಸಲವೂ ಕಾಠ್ಮಂಡುವಿನಲ್ಲಿ ಜಗಳ. ಹೋರಾಟಗಾರರನ್ನು ಸೇನೆಗೆ ಸೇರಿಸುವುದು ಹೇಗೆ ಎಂಬ ಅಸಲಿ ಪ್ರಶ್ನೆ ಗುತ್ತಿಗೆಯ ಹೊರಗೇ ಉಳಿಯಿತು, ಏಕೆಂದರೆ ಅದು ರಾಜಕೀಯ. ರಾಜಕೀಯ ಎಂದರೆ ಮಧ್ಯಸ್ಥಿಕೆ. ಮೇಲ್ವಿಚಾರಣೆಯನ್ನು ಕಿರಿದು ಮಾಡಿದ್ದರಿಂದ ಭಾರತ ಒಪ್ಪಿತು, ಕೆಲಸ ಶುರುವಾಯಿತು. ಅದೇ ಕಾರಣಕ್ಕೆ ಮುಗಿಸಲಾಗಲಿಲ್ಲ.

2011ರ ಜನವರಿ 15ರಂದು ಅನ್‌ಮಿನ್ ಹೊರಟಿತು. ಶಿಬಿರಗಳ ಹೊಣೆ ನೇಪಾಳದ್ದೇ ವಿಶೇಷ ಸಮಿತಿಗೆ ಬಂತು. ಮಾವೋವಾದಿಗಳು ಕಂಟೇನರ್‌ಗಳ ಕೀಲಿ ಒಪ್ಪಿಸಿದ್ದು ಅವರದ್ದೇ ನಾಯಕ ಬಾಬುರಾಮ್ ಭಟ್ಟರಾಯ್ ಪ್ರಧಾನಿಯಾದ ಕೂಡಲೇ, ಆ ವರ್ಷದ ಸೆಪ್ಟೆಂಬರ್ 1ರಂದು. ಸ್ವಯಂ ನಿವೃತ್ತಿ ಬಯಸಿದವರಿಗೆ ದರ್ಜೆಯ ಮೇಲೆ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಎಂದು ನವೆಂಬರ್ 1ರ ಏಳು ಅಂಶಗಳ ಒಪ್ಪಂದದಲ್ಲಿ ನಿಗದಿಯಾಯಿತು. ಗರಿಷ್ಠ 6,500 ಜನರನ್ನು ಸೇನೆಗೆ ಸೇರಿಸಿಕೊಳ್ಳಲು ಒಪ್ಪಿದ್ದರೂ ಕೊನೆಗೆ ಸೇರಿದವರು ಒಂದೂವರೆ ಸಾವಿರವೂ ಇಲ್ಲ.